ಹುಲ್ಲುಗಾವಲಿನ ಘನತೆ

ನೆದರ್‌ಲೆಂಡ್ಸ್ ದೇಶದ ಹೇಗ್ ನಗರದಲ್ಲಿ ಮೌರಿತ್ಸ್‌ಹೌಸ್ ಎಂಬ ಹೆಸರಾಂತ ಚಿತ್ರಶಾಲೆಯಿದೆ. ಅಲ್ಲಿನ ಒಂದು ದೊಡ್ಡ ಚಿತ್ರದ ಮುಂದೆ ನಿಂತವರಿಗೆ ಮೊದಲು ಆಶ್ಚರ್ಯವಾಗುತ್ತದೆ. ಎರಡೂಕಾಲು ಮೀಟರಿಗೂ ಹೆಚ್ಚಿನ ಎತ್ತರ, ಮೂರು ಮೀಟರಿಗೂ ಮಿಗಿಲಾದ ಅಗಲ. ಅಷ್ಟು ವಿಶಾಲವಾದ ಪಟದ ನಡುವೆ ನಿಂತಿರುವುದು ಸಿಂಹಾಸನವೇರಿದ ಅರಸನಲ್ಲ, ಸಮರದಲ್ಲಿ ಗೆದ್ದ ಸೇನಾಪತಿಯಲ್ಲ; ಒಂದು ಎಳೆಯ ಹೋರಿ. ಅದರ ಬಳಿ ಒಂದು ಹಸು, ಕೆಲವು ಕುರಿಗಳು, ಮರದ ಮರೆಯಲ್ಲಿ ನಿಂತ ದನಗಾಹಿ. ಹೋರಿಯ ಬೆನ್ನಿನ ಸುತ್ತ ನೊಣಗಳು ಹಾರುತ್ತಿವೆ. ನೆಲದ ಮೇಲೆ ಸೆಗಣಿ ಬಿದ್ದಿದೆ; ಹುಲ್ಲಿನ ನಡುವೆ ಕಪ್ಪೆಯೊಂದು ಕುಳಿತಿದೆ. ದೂರದ ದಿಗಂತದಲ್ಲಿ ಇಗರ್ಜಿಯ ಗೋಪುರ ಸಣ್ಣದಾಗಿ ಕಾಣುತ್ತದೆ. 1647ರಲ್ಲಿ ಇದನ್ನು ಬರೆದ ಪೌಲಸ್ ಪಾಟರನಿಗೆ ಆಗ ಇಪ್ಪತ್ತೆರಡರ ಆಚೀಚಿನ ಹರೆಯ. ಇಪ್ಪತ್ತೆಂಟನೆಯ ವಯಸ್ಸಿನಲ್ಲಿಯೇ ಅವನು ತೀರಿಕೊಂಡನು.

ಒಂದು ಹೋರಿಗೆ ಇಷ್ಟು ದೊಡ್ಡ ಪಟವೇಕೆ? ಆ ಕಾಲದ ಯೂರೋಪಿನ ಪಂಡಿತರು ಈ ಪ್ರಶ್ನೆಯನ್ನು ಕೇಳದೆ ಇರುತ್ತಿರಲಿಲ್ಲ. 1667ರಲ್ಲಿ ಫ್ರಾನ್ಸಿನ ಫೆಲಿಬಿಯಾಂ ಎಂಬ ವಿದ್ವಾಂಸನು ಚಿತ್ರಗಳಿಗೆ ಅಂತಸ್ತುಗಳನ್ನು ಗೊತ್ತುಮಾಡಿದನು. ಪುರಾಣ ಹಾಗೂ ಇತಿಹಾಸದ ಮಹಾಕಾರ್ಯಗಳನ್ನು ತೋರಿಸುವ ಚಿತ್ರಕ್ಕೆ ಅಗ್ರಸ್ಥಾನ. ಪ್ರಾಣಿಗಳಿಗೂ ಭೂದೃಶ್ಯಕ್ಕೂ ಕೆಳಗಿನ ಮೆಟ್ಟಿಲು. ಹುಲ್ಲು, ಮೋಡ, ದನಕರು ಇವೆಲ್ಲ ಮಹಾಪುರುಷರ ಹಿಂದೆ ತೂಗುಬಿಟ್ಟ ಪರದೆ ಮಾತ್ರ ಎಂಬುದು ಅಂದಿನ ಸಾಮಾನ್ಯ ತಿಳಿವಳಿಕೆ. ಡಚ್ ಕಲಾವಿದರು ಆ ಪರದೆಯನ್ನೇ ಮುಂದಕ್ಕೆ ತಂದರು.

ಅವರಿಗೆ ಈ ಧೈರ್ಯ ಬಂದುದಕ್ಕೆ ಕಾರಣಗಳಿವೆ. ಡಚ್ಚರು 1568ರಲ್ಲಿ ಸ್ಪೇನಿನ ದೊರೆತನದ ವಿರುದ್ಧ ಎದ್ದ ಹೋರಾಟ 1648ರವರೆಗೆ ನಡೆಯಿತು. ಆ ಹೋರಾಟದಲ್ಲಿ ಹುಟ್ಟಿದ ಗಣರಾಜ್ಯದಲ್ಲಿ ಆಸ್ಥಾನದ ಆಡಂಬರಕ್ಕೆ ಹೆಚ್ಚಿನ ಎಡೆಯಿರಲಿಲ್ಲ. ಮತಸುಧಾರಣೆಯ ಬಳಿಕ ಇಗರ್ಜಿಗಳೂ ಚಿತ್ರ ಬರೆಸುವುದನ್ನು ನಿಲ್ಲಿಸಿದವು. ಹೀಗಾಗಿ ಕಲಾವಿದನು ಪೇಟೆಯ ಜನರನ್ನೇ ನೆಚ್ಚಬೇಕಾಯಿತು. ವರ್ತಕರು, ಅಂಗಡಿಕಾರರು, ಕಸುಬುದಾರರು ಚಿತ್ರಗಳನ್ನು ಕೊಂಡು ಮನೆಯ ಗೋಡೆಗೆ ತೂಗುಹಾಕುತ್ತಿದ್ದರು. 1641ರಲ್ಲಿ ರಾಟರ್‌ಡ್ಯಾಮಿನ ಜಾತ್ರೆಯನ್ನು ಕಂಡ ಇಂಗ್ಲೆಂಡಿನ ಜಾನ್ ಈವ್ಲಿನ್, ಅಲ್ಲಿ ಚಿತ್ರಗಳು ಹೇರಳವಾಗಿ ಮಾರಾಟವಾಗುತ್ತಿದ್ದುದನ್ನು ತನ್ನ ದಿನಚರಿಯಲ್ಲಿ ಬರೆದಿಟ್ಟಿದ್ದಾನೆ. ಇಂತಹ ಜನರಿಗೆ ತಮ್ಮ ಊರಿನ ನದಿ, ತಮ್ಮ ಊರಿನ ಆಕಾಶ, ತಮಗೆ ಹಾಲು ಬೆಣ್ಣೆ ಕೊಡುವ ಹಸು ಪ್ರಿಯವಾದುದರಲ್ಲಿ ಅಚ್ಚರಿಯಿಲ್ಲ.

ಅವರು ಪ್ರೀತಿಸಿದ ಆ ನೆಲವೂ ಸುಲಭವಾಗಿ ದಕ್ಕಿದುದಲ್ಲ. ನೆದರ್‌ಲೆಂಡ್ಸ್ ಎಂದರೆ ತಗ್ಗುನಾಡು ಎಂದೇ ಅರ್ಥ. ಅಲ್ಲಿನ ಜನ ಒಡ್ಡು ಕಟ್ಟಿ, ಕಾಲುವೆ ತೋಡಿ, ಗಾಳಿಯಂತ್ರಗಳಿಂದ ನೀರೆತ್ತಿ ನೆಲವನ್ನು ಸಂಪಾದಿಸಿದರು. ಬೇಮ್‌ಸ್ಟರ್ ಎಂಬ ಸರೋವರವನ್ನು ಬತ್ತಿಸುವ ಕೆಲಸ ಮುಗಿಯುತ್ತ ಬಂದಾಗ, 1610ರಲ್ಲಿ ಬಿರುಗಾಳಿಗೆ ಒಡ್ಡು ಒಡೆದು ನೀರು ಮತ್ತೆ ನುಗ್ಗಿತು. ಜನ ಎದೆಗುಂದಲಿಲ್ಲ. ನಲವತ್ತಕ್ಕೂ ಹೆಚ್ಚು ಗಾಳಿಯಂತ್ರಗಳ ನೆರವಿನಿಂದ 1612ರಲ್ಲಿ ಸುಮಾರು 7,000 ಹೆಕ್ಟೇರು ನೆಲ ನೀರಿನಿಂದ ಮೇಲೆದ್ದಿತು. ಸಮುದ್ರಮಟ್ಟಕ್ಕಿಂತ ಮೂರು ಮೀಟರಿಗೂ ಹೆಚ್ಚು ಕೆಳಗಿರುವ ಆ ನೆಲದಲ್ಲಿ ಹಸುಗಳು ಮೇಯತೊಡಗಿದವು.

ಈ ನಾಡಿನ ಕಲಾವಿದರು ತಮ್ಮ ನೆಲವನ್ನು ಬಗೆಬಗೆಯಾಗಿ ಕಂಡರು. ಯಾನ್ ವಾನ್ ಗೊಯೆನ್ ಮಂಜು ಮುಸುಕಿದ ನದೀತೀರವನ್ನು ಕಂದು, ಬೂದು ಬಣ್ಣಗಳ ಕೆಲವೇ ಛಾಯೆಗಳಲ್ಲಿ ಮೂಡಿಸಿದನು. ಡಾರ್ಡ್ರೆಕ್ಟ್ ಪಟ್ಟಣದ ಆಲ್ಬರ್ಟ್ ಕಾಯ್ಪ್ ನದಿಯಂಚಿನಲ್ಲಿ ನಿಂತ ದನಗಳ ಮೈಮೇಲೆ ಹೊಂಬಿಸಿಲನ್ನು ಸುರಿದನು. ಇಟಲಿಯಿಂದ ಮರಳಿದ ಚಿತ್ರಕಾರರು ತಂದ ಬೆಳಕು ಅದು. ಆದರೆ ಆ ಬೆಳಕಿನಲ್ಲಿ ಮಿಂದ ಹಸುಗಳು ಅವನ ಸ್ವಂತ ನಾಡಿನವು. ಯಾಕೋಬ್ ವಾನ್ ರಾಯ್ಸ್‌ದಾಲ್ ಹಾರ್ಲೆಮ್ ಪಟ್ಟಣದ ದೃಶ್ಯವನ್ನು ಬರೆದಾಗ ಪಟದ ಮೂರನೆಯ ಎರಡು ಭಾಗವನ್ನು ಮೋಡಗಳಿಗೇ ಬಿಟ್ಟನು. ಕೆಳಗೆ ಬಯಲಿನಲ್ಲಿ ನಾರುಬಟ್ಟೆಯ ಉದ್ದುದ್ದ ಹಾಸುಗಳು ಬಿಳುಪಾಗಲು ಬಿಸಿಲಿಗೆ ಹರಡಿವೆ. ಮೋಡಗಳ ನಡುವಿನಿಂದ ಇಳಿದ ಬಿಸಿಲು ಆ ಬಟ್ಟೆಗಳ ಮೇಲೆ ಬಿದ್ದಿದೆ.

ಇಂತಹ ಚಿತ್ರಗಳು ಕಂಡುದರ ನಕಲು ಮಾತ್ರ, ಇವುಗಳಲ್ಲಿ ಕಲ್ಪನೆಗೆ ಕೆಲಸವಿಲ್ಲ ಎಂದು ಆಕ್ಷೇಪಿಸುವವರುಂಟು. ಈ ಮಾತು ಸರಿಯಲ್ಲ. ಪಾಟರನ ಹೋರಿಯಂತಹ ಹೋರಿ ಯಾವ ಹಟ್ಟಿಯಲ್ಲಿಯೂ ಇರಲಿಲ್ಲ; ಬೇರೆ ಬೇರೆ ವಯಸ್ಸಿನ ದನಗಳ ಅಂಗಗಳನ್ನು ಕೂಡಿಸಿ ಅವನು ಅದನ್ನು ರೂಪಿಸಿದ್ದಾನೆ. ಅಷ್ಟೇ ಅಲ್ಲ, ಮೊದಲು ಹೋರಿಯೊಂದನ್ನೇ ಬರೆಯಲು ಹೊರಟವನು, ಬಳಿಕ ಪಟಕ್ಕೆ ಬಟ್ಟೆಯನ್ನು ಜೋಡಿಸಿ ಹಿಗ್ಗಿಸಿದನು. ಯಾವುದನ್ನು ಸೇರಿಸಬೇಕು, ಯಾವುದನ್ನು ಬಿಡಬೇಕು ಎಂಬ ವಿವೇಕವೇ ಕಲೆ. ಆ ವಿವೇಕ ಇಲ್ಲಿ ಧಾರಾಳವಾಗಿದೆ.

ಆದರೆ ಬಿಟ್ಟುದು ಏನು ಎಂಬ ಪ್ರಶ್ನೆ ಇನ್ನೂ ಗಂಭೀರವಾದುದು. ಈ ಚಿತ್ರಗಳಲ್ಲಿ ದನಗಾಹಿಗಳು ಸಾಮಾನ್ಯವಾಗಿ ಸುಮ್ಮನೆ ನಿಂತಿರುತ್ತಾರೆ, ಇಲ್ಲವೆ ಮರದ ನೆರಳಿನಲ್ಲಿ ಕುಳಿತಿರುತ್ತಾರೆ. ಕೆಸರಿನಲ್ಲಿ ನಿಂತು ಕಾಲುವೆ ತೋಡಿದವನ ಬೆವರು ಇಲ್ಲಿ ಕಾಣುವುದು ವಿರಳ. ಹೊಸದಾಗಿ ಬತ್ತಿಸಿದ ನೆಲದ ಗೆರೆ ಕೊರೆದಂತಹ ಕಾಲುವೆಗಳನ್ನು ಬರೆದವರೂ ಕಡಮೆ. ಹಾರ್ಲೆಮಿನ ಬಟ್ಟೆಗಳನ್ನು ಕ್ಷಾರದ ನೀರಿನಲ್ಲಿಯೂ ಮಜ್ಜಿಗೆಯಲ್ಲಿಯೂ ನೆನೆಸಿ, ಒಗೆದು, ಹರಡುವ ಕೆಲಸ ತಿಂಗಳುಗಟ್ಟಲೆ ನಡೆಯುತ್ತಿತ್ತು. ರಾಯ್ಸ್‌ದಾಲನ ಚಿತ್ರದಲ್ಲಿ ಆ ಕೆಲಸಗಾರರು ಚುಕ್ಕಿಗಳಷ್ಟೇ ದೊಡ್ಡವರು. ಬೇಮ್‌ಸ್ಟರ್ ಸರೋವರವನ್ನು ಬತ್ತಿಸಲು ಹಣ ಹೂಡಿದವರಲ್ಲಿ ಪೂರ್ವದೇಶಗಳ ವ್ಯಾಪಾರದಿಂದ ಸಿರಿವಂತರಾದ ಆಮ್‌ಸ್ಟರ್‌ಡ್ಯಾಮಿನ ವರ್ತಕರಿದ್ದರು. ಆ ಸಿರಿಯ ಹಿಂದಿದ್ದ ದಬ್ಬಾಳಿಕೆಯ ನೆರಳು ಈ ಹಸುರು ಬಯಲಿನಲ್ಲಿ ಎಲ್ಲಿಯೂ ಬೀಳುವುದಿಲ್ಲ. ಪಟ್ಟಣದ ಶ್ರೀಮಂತನು ಗೋಡೆಯ ಮೇಲೆ ನೆಮ್ಮದಿಯನ್ನು ಬಯಸಿದನು. ಕಲಾವಿದನು ಅದನ್ನು ಒದಗಿಸಿದನು.

ಇದು ಈ ಕಲೆಯ ಕೊರತೆ ಎಂಬುದನ್ನು ಒಪ್ಪಬೇಕು. ಹಾಗೆಂದು ಅದರ ದೊಡ್ಡತನವನ್ನು ಅಲ್ಲಗಳೆಯಬೇಕಾಗಿಲ್ಲ. ನೊಣವನ್ನೂ ಸೆಗಣಿಯನ್ನೂ ಹೇಸದೆ ಅಕ್ಕರೆಯಿಂದ ನೋಡಿದ ಕಣ್ಣು ಮಾನವನಿಗೆ ದೊಡ್ಡ ಪಾಠವೊಂದನ್ನು ಕಲಿಸಿತು. ಗೌರವಕ್ಕೆ ಪಾತ್ರವಾಗಲು ಒಂದು ವಸ್ತು ಅಪರೂಪವಾಗಿರಬೇಕಾಗಿಲ್ಲ ಎಂಬುದೇ ಆ ಪಾಠ. ಹೋರಿಯನ್ನು ಅರಸನಷ್ಟು ದೊಡ್ಡದಾಗಿ ಬರೆಯಬಹುದಾದರೆ, ಹೋರಿಯನ್ನು ಸಾಕಿದವನನ್ನೂ ಹಾಗೆಯೇ ಕಾಣಬಹುದು. ಪಾಟರನು ಆ ದಾರಿಯಲ್ಲಿ ಅರ್ಧ ನಡೆದನು, ಉಳಿದರ್ಧ ನೋಡುಗನದು.

1795ರಲ್ಲಿ ಫ್ರೆಂಚರು ಈ ಹೋರಿಯ ಚಿತ್ರವನ್ನು ಪ್ಯಾರಿಸ್ಸಿಗೆ ಹೊತ್ತೊಯ್ದರು. ಅರಸರ ಚಿತ್ರಗಳು ತುಂಬಿದ್ದ ಲೂವ್ರ್ ಅರಮನೆಯಲ್ಲಿ ಅದಕ್ಕೂ ಸ್ಥಳ ದೊರೆಯಿತು. 1815ರಲ್ಲಿ ಅದು ತಾಯ್ನಾಡಿಗೆ ಮರಳಿತು. ಇಂದಿಗೂ ಬೇಮ್‌ಸ್ಟರಿನ ಬಯಲು ಹಸುರಾಗಿದೆ. ಗಾಳಿಯಂತ್ರಗಳ ಕೆಲಸವನ್ನು ಈಗ ಬೇರೆ ಯಂತ್ರಗಳು ಮಾಡುತ್ತಿವೆ. ನೀರೆತ್ತುವುದು ನಿಂತರೆ ಆ ಹುಲ್ಲುಗಾವಲು ಮತ್ತೆ ಸರೋವರವಾಗುವುದು. ಚಿತ್ರದ ಹಸುರು ಎಷ್ಟು ಶಾಂತವಾಗಿ ಕಂಡರೂ ಅದರ ಕೆಳಗೆ ನೀರಿದೆ, ನೀರನ್ನು ತಡೆದ ಕೈಗಳಿವೆ. ಕುಂಚ ಬರೆಯದೆ ಬಿಟ್ಟ ಆ ಕೈಗಳನ್ನೂ ಕಂಡವನು ಮಾತ್ರ ಚಿತ್ರವನ್ನು ಪೂರ್ಣವಾಗಿ ಕಂಡಂತೆ.