ಅರಗಿನ ಮುದ್ರೆ

ಮತ್ತಿಕೆರೆಗೂ ಸಮುದ್ರಕ್ಕೂ ಏನು ಸಂಬಂಧವೆಂದು ವಾಚಕರು ಕೇಳಬಹುದು. ನಮ್ಮ ಬಡಾವಣೆಯ ಹೆಸರಿನಲ್ಲಿ ಒಂದು ಕೆರೆಯೇನೋ ಉಂಟು. ಕಡಲು ಮಾತ್ರ ಮೂಡಲಿಗೆ ಹೊರಟರೂ ಪಡುವಲಿಗೆ ಹೊರಟರೂ ಮುನ್ನೂರು ಕಿಲೋಮೀಟರಿಗೆ ಕಡಮೆಯಿಲ್ಲದ ಹಾದಿ. ಆದರೂ ರಾತ್ರಿ ಹತ್ತು ಗಂಟೆಯ ಮೇಲೆ ಯಶವಂತಪುರದಾಚೆ, ತುಮಕೂರು ರಸ್ತೆಯ ಬದಿಯಲ್ಲಿ ಅರ್ಧ ಗಂಟೆ ನಿಂತವರಿಗೆ, ಯಾವುದೋ ಹಡಗು ತುಂಡುತುಂಡಾಗಿ ಊರೊಳಗೆ ಸಂಚರಿಸುತ್ತಿರುವಂತೆ ಭಾಸವಾದೀತು. ಇಪ್ಪತ್ತಡಿಯದೋ ನಲವತ್ತಡಿಯದೋ ಉಕ್ಕಿನ ಪೆಟ್ಟಿಗೆ. ಮೈಮೇಲೆ ಪರದೇಶದ ಕಂಪನಿಯ ಹೆಸರು. ಹಿಂಬಾಗಿಲಿಗೆ ಬೆರಳುದ್ದದ ಒಂದು ಕೀಲು. ಈ ವಾರ ನಾನು ಬರೆಯಹೊರಟಿರುವುದು ಆ ಕೀಲನ್ನು ಕುರಿತು.

ಕಂಟೇನರಿನ ಕಾಲಕ್ಕೆ ಮೊದಲು ಸರಕು ಹಡಗೇರುತ್ತಿದ್ದ ಬಗೆಯನ್ನು ಊಹಿಸಿಕೊಳ್ಳಲು ಯಶವಂತಪುರದ ಮಾರುಕಟ್ಟೆಯ ಅಂಗಳವೇ ಸಾಕು. ಹಮಾಲಿಯ ಬೆನ್ನಮೇಲೆ ಒಂದೊಂದೇ ಮೂಟೆ! ಲೋಕದ ಬಂದರುಗಳಲ್ಲೆಲ್ಲ ಹೀಗೆಯೇ ನಡೆಯುತ್ತಿತ್ತು. ಹಡಗು ತುಂಬುವುದಕ್ಕೆ ದಿನಗಟ್ಟಲೆ ಹಿಡಿಯುತ್ತಿತ್ತು. ಅಷ್ಟರೊಳಗೆ ಕೆಲವು ಮೂಟೆ ಒಡೆದು ಸೋರುತ್ತಿದ್ದವು, ಕೆಲವು ಸೋರದೆಯೇ ಮಾಯವಾಗುತ್ತಿದ್ದವು. 1956ರ ಏಪ್ರಿಲ್ 26ರಂದು ಮಾಲ್ಕಂ ಮೆಕ್ಲೀನ್ ಎಂಬ ಅಮೆರಿಕದ ಲಾರಿ ಉದ್ಯಮಿ ‘ಐಡಿಯಲ್ ಎಕ್ಸ್’ ಎಂಬ ಹಡಗಿನ ಮೇಲೆ 58 ಪೆಟ್ಟಿಗೆಗಳನ್ನಿರಿಸಿ ನೆವಾರ್ಕಿನಿಂದ ಹ್ಯೂಸ್ಟನ್ನಿಗೆ ಕಳುಹಿಸಿದನು. ಟನ್ನಿಗೆ ಆರು ಡಾಲರಿಗೆ ಸಮೀಪವಿದ್ದ ತುಂಬುವ ವೆಚ್ಚ ಹದಿನಾರು ಸೆಂಟಿನ ಆಸುಪಾಸಿಗೆ ಇಳಿಯಿತು. ಇಂದಿನ ದೈತ್ಯ ಹಡಗುಗಳು ಇಪ್ಪತ್ತಡಿಯ ಪೆಟ್ಟಿಗೆಗಳ ಲೆಕ್ಕದಲ್ಲಿ 24,000ವನ್ನು ಹೊರಬಲ್ಲವು.

ಈ ಕಥೆಯಲ್ಲಿ ಕಡಲಿಲ್ಲದ ನಮ್ಮ ಬೆಂಗಳೂರಿಗೂ ಒಂದು ಪುಟ ಉಂಟೆಂಬುದು ಹಲವರಿಗೆ ತಿಳಿಯದು. ಭಾರತದ ಮೊತ್ತಮೊದಲನೆಯ ಒಳನಾಡು ಕಂಟೇನರು ನಿಲ್ದಾಣ ಸ್ಥಾಪಿತವಾದದ್ದು ಮುಂಬಯಿಯ ಹಿತ್ತಲಿನಲ್ಲಾಗಲಿ ದೆಹಲಿಯಲ್ಲಾಗಲಿ ಅಲ್ಲ. 1981ರಲ್ಲಿ, ರೈಲ್ವೆ ಇಲಾಖೆಯ ಆಶ್ರಯದಲ್ಲಿ, ನಮ್ಮೀ ಊರಿನಲ್ಲಿ. ಈಗ ವೈಟ್‌ಫೀಲ್ಡಿನಲ್ಲಿರುವ ನಿಲ್ದಾಣದಿಂದ ಪೆಟ್ಟಿಗೆಗಳು ರೈಲೇರಿ ಚೆನ್ನೈ ಬಂದರಿಗೆ ಹೋಗುತ್ತವೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳುವ ಕೆಲಸವೆಲ್ಲ ಇಲ್ಲಿಯೇ ಮುಗಿದುಹೋಗುತ್ತದೆ. ಮುದ್ರೆ ಬಿದ್ದ ಮೇಲೆ, ಪೀಣ್ಯದ ಹೆಣ್ಣುಮಗಳೊಬ್ಬಳು ಹೊಲಿದ ಅಂಗಿ ಪರದೇಶದ ಅಂಗಡಿಯ ಹಿಂಬಾಗಿಲಿನವರೆಗೂ ಯಾರ ಕಣ್ಣಿಗೂ ಬೀಳದೆ ಪ್ರಯಾಣ ಮಾಡಬಹುದು.

ಯಾರ ಕಣ್ಣಿಗೂ ಬೀಳದೆ! ಪೆಟ್ಟಿಗೆಯ ವೈಭವವೆಲ್ಲ ಇರುವುದು ಇಲ್ಲಿ. ನನ್ನ ಕಳವಳವಿರುವುದೂ ಇಲ್ಲಿಯೇ. ಹಿಂದಿನವರು ಓಲೆಗೆ ಅರಗಿನ ಮುದ್ರೆ ಒತ್ತುತ್ತಿದ್ದರು. ಇಂದಿನ ಕೀಲು ಅದರ ಮೊಮ್ಮಗ. 2017ರಿಂದ ನಮ್ಮ ದೇಶದಲ್ಲಿ ಕಾರ್ಖಾನೆಯವರು ತಾವೇ ಮುದ್ರೆಯೊತ್ತುವ ರಫ್ತಿನ ಪೆಟ್ಟಿಗೆಗಳಿಗೆ ವಿದ್ಯುನ್ಮಾನ ಮುದ್ರೆಯೂ ಬಂದಿದೆ. ಆದರೆ ಮುದ್ರೆ ಹೇಳುವುದು ಒಂದೇ ಮಾತು: ದಾರಿಯಲ್ಲಿ ಬಾಗಿಲು ತೆರೆದಿಲ್ಲ. ಒಳಗಿರುವುದು ಏನು ಎಂಬುದನ್ನು ಹೇಳತಕ್ಕದ್ದು ಕಾಗದ. ಕಾಗದವನ್ನು ಬರೆದವನು ಪೆಟ್ಟಿಗೆಯ ಯಜಮಾನ.

ಅರಗೆಂದೊಡನೆ ಕನ್ನಡದ ಮೇಷ್ಟರಿಗೆ ಅರಗಿನ ಮನೆ ನೆನಪಾಗದಿರುವುದು ಸಾಧ್ಯವೇ? ಪುರೋಚನನು ಪಾಂಡವರಿಗೆ ಒಪ್ಪಿಸಿದ್ದು ‘ಅರಮನೆ’ ಎಂಬ ಚೀಟಿ ಅಂಟಿಸಿದ ಪೆಟ್ಟಿಗೆಯನ್ನು. ಗೋಡೆಯೊಳಗಿದ್ದದ್ದು ಅರಗು, ತುಪ್ಪ. ವಿದುರನ ಎಚ್ಚರಿಕೆಯೂ ಇತ್ತು, ಧರ್ಮರಾಯನ ಮೂಗೂ ಚುರುಕಾಗಿತ್ತು. ಆದುದರಿಂದ ಪಾಂಡವರು ಉಳಿದರು. ಉಕ್ಕಿನ ಗೋಡೆಯ ಮೂಲಕ ನಾವಿಕನ ಮೂಗಿಗೆ ಏನು ತಿಳಿದೀತು? ಈಜುಕೊಳವನ್ನು ಶುದ್ಧಿಮಾಡುವ ಕ್ಯಾಲ್ಸಿಯಂ ಹೈಪೋಕ್ಲೋರೈಟ್ ಎಂಬ ಪುಡಿಯಿದೆ. ಬಿಸಿ ತಗುಲಿದರೆ ತಾನೇ ಕುದಿದು ಬೆಂಕಿಗೆ ಕಾರಣವಾಗತಕ್ಕ ವಸ್ತು. ನಿಜ ಹೇಳಿದರೆ ಬಾಡಿಗೆ ಹೆಚ್ಚು, ಕೆಲವು ಕಂಪನಿಗಳು ಹೊರುವುದೇ ಇಲ್ಲ. ಎಂದೇ ಅದು ಬೇರೆ ಹೆಸರಿನಲ್ಲಿ ಹಡಗೇರಿದ ಪ್ರಸಂಗಗಳು ಹಲವು. ಉಳಿತಾಯ ಒಬ್ಬನದು, ಉರಿ ಇನ್ನೊಬ್ಬನದು.

ಹಾಗಾದರೆ ಎಲ್ಲ ಪೆಟ್ಟಿಗೆಗಳನ್ನೂ ಪರೀಕ್ಷಿಸಬಾರದೇಕೆ? ಅಮೆರಿಕ ಹಾಗೆಯೇ ಯೋಚಿಸಿತು. ತನ್ನ ದೇಶಕ್ಕೆ ಬರುವ ಪ್ರತಿಯೊಂದು ಪೆಟ್ಟಿಗೆಯನ್ನೂ ಹೊರಡುವ ಬಂದರಿನಲ್ಲಿಯೇ ಯಂತ್ರದಿಂದ ಶೋಧಿಸತಕ್ಕದ್ದೆಂದು 2007ರಲ್ಲಿ ಶಾಸನ ಮಾಡಿ, 2012ರ ಗಡುವನ್ನೂ ವಿಧಿಸಿತು. ಗಡುವು ಮತ್ತೆ ಮತ್ತೆ ಮುಂದಕ್ಕೆ ಹೋಯಿತು. ಶಾಸನ ಕಾಗದದಲ್ಲಿಯೇ ಉಳಿಯಿತು. ಸರಕಿನ ಪ್ರವಾಹವನ್ನು ಅಷ್ಟು ಹೊತ್ತು ತಡೆದು ನಿಲ್ಲಿಸಲು ಯಾವ ಬಂದರಿಗೂ ಸಾಧ್ಯವಾಗಲಿಲ್ಲ.

ಕಾಗದ ಸತ್ಯವಾಗಿದ್ದರೆ ಏನು ಪ್ರಯೋಜನ ಎಂಬುದನ್ನು 2025ರ ಮೇ ತಿಂಗಳು ನಮ್ಮ ನೆರೆಯಲ್ಲಿಯೇ ತೋರಿಸಿತು. ವಿಳಿಂಜದಿಂದ ಕೊಚ್ಚಿಗೆ ಹೊರಟಿದ್ದ ‘ಎಂ.ಎಸ್.ಸಿ. ಎಲ್ಸಾ 3’ ಹಡಗು 640 ಕಂಟೇನರುಗಳೊಡನೆ 25ರಂದು ಮುಳುಗಿತು. ಹಡಗಿನ ಇಪ್ಪತ್ತನಾಲ್ವರೂ ಬದುಕಿಕೊಂಡರು. 13 ಪೆಟ್ಟಿಗೆಗಳಲ್ಲಿ ಅಪಾಯದ ಸರಕು, ಅವುಗಳಲ್ಲಿ ಹನ್ನೆರಡರಲ್ಲಿ ಕ್ಯಾಲ್ಸಿಯಂ ಕಾರ್ಬೈಡ್. ಮಾವಿನಕಾಯಿ ಹಣ್ಣುಮಾಡುವ ದುರಭ್ಯಾಸದ ದೆಸೆಯಿಂದ ಗೃಹಿಣಿಯರಿಗೆಲ್ಲ ಪರಿಚಿತವಾದ ಅದೇ ಕಾರ್ಬೈಡ್. ನೀರು ಸೋಕಿದರೆ ಉರಿಯುವ ಅನಿಲವನ್ನು ಉಗುಳುತ್ತದೆ. ಪಟ್ಟಿಯಲ್ಲಿ ಬರೆದಿದ್ದುದರಿಂದಲೇ ಅಧಿಕಾರಿಗಳಿಗೆ ಅಪಾಯದ ಸ್ವರೂಪ ತಿಳಿಯಿತು. ದಡಕ್ಕೆ ತೇಲಿಬಂದ ಪೆಟ್ಟಿಗೆಗಳ ಬಳಿಗೆ ಹೋಗಬೇಡಿರೆಂದು ಜನರನ್ನು ಎಚ್ಚರಿಸಿದರು.

ಎರಡು ವಾರ ಕಳೆಯುವಷ್ಟರಲ್ಲಿ, ಜೂನ್ 9ರಂದು, ಕೊಲಂಬೊದಿಂದ ಮುಂಬಯಿಯ ನ್ಹಾವಾ ಶೇವಾಕ್ಕೆ ಹೋಗುತ್ತಿದ್ದ ‘ವಾನ್ ಹೈ 503’ ಕೇರಳದಾಚೆಯ ಕಡಲಿನಲ್ಲಿ ಸ್ಫೋಟಗೊಂಡು ಹೊತ್ತಿಕೊಂಡಿತು. ಹದಿನೆಂಟು ಜನರನ್ನು ಕಾಪಾಡಿ, ನೌಕಾಪಡೆಯವರು ನಮ್ಮ ಮಂಗಳೂರಿಗೆ, ಪಣಂಬೂರಿನ ಬಂದರಿಗೆ ಕರೆತಂದರು; ಕೆಲವರ ಮೈ ಸುಟ್ಟಿತ್ತು. ನಾಲ್ವರು ಕಾಣೆಯಾದರು. ಕಾಫಿ, ಗೋಡಂಬಿಗಳನ್ನು ತುಂಬಿ ಕಳುಹಿಸುವ ಆ ಬಂದರು ಅಂದು ಇಳಿಸಿಕೊಂಡದ್ದು ಆ ಗಾಯಾಳುಗಳನ್ನು. ಬೆಂಕಿಯ ಕಾರಣ ಏನೇ ಇರಲಿ, ಅದನ್ನು ಆರಿಸಹೋದವರಿಗೆ ಆ ಗುಡ್ಡೆಯಲ್ಲಿ ಯಾವ ಪೆಟ್ಟಿಗೆಗೆ ನೀರು ಹೊಡೆಯಬಹುದು, ಯಾವುದಕ್ಕೆ ಹೊಡೆಯಬಾರದು ಎಂಬುದನ್ನು ಹೇಳುವುದಕ್ಕೆ ಆ ಪಟ್ಟಿಯೊಂದೇ ಇದ್ದದ್ದು.

ಆದುದರಿಂದ ಪರೀಕ್ಷೆ ನಡೆಯಬೇಕಾದ ಸ್ಥಳ ಬಂದರಲ್ಲ, ಪೆಟ್ಟಿಗೆ ಇನ್ನೂ ಬಾಯ್ದೆರೆದು ನಿಂತಿರುವ ಕಾರ್ಖಾನೆಯ ಅಂಗಳ. ತೂಕದ ವಿಷಯದಲ್ಲಿ ಇದು ಆಗಿಯೇ ಇದೆ: 2016ರ ಜುಲೈ 1ರಿಂದ, ತೂಗಿ ಖಚಿತಪಡಿಸದ ಪೆಟ್ಟಿಗೆಯನ್ನು ಹಡಗಿಗೆ ಏರಿಸುವಂತಿಲ್ಲ. ಸರಕಿನ ಹೆಸರಿಗೂ ಅಷ್ಟೇ ಬಿಗಿ ಬರಲಿ. ಸುಳ್ಳು ಬರೆದವನಿಗೆ, ಉಳಿಸಿದ ಬಾಡಿಗೆಯ ಹತ್ತರಷ್ಟು ದಂಡ ಬೀಳಲಿ. ವ್ಯಾಪಾರಕ್ಕೆ ವಿಳಂಬವಾಗುತ್ತದೆಂದು ಗೊಣಗುವವರು ಗೊಣಗಲಿ. ಮೇಷ್ಟರ ಚಟದಿಂದ ಇನ್ನೊಂದು ಸಲಹೆ: ಅಪಾಯದ ಸರಕುಗಳನ್ನು ಒಂಬತ್ತು ವರ್ಗಗಳಾಗಿ ವಿಂಗಡಿಸಿ, ವಜ್ರಾಕಾರದ ಚೀಟಿಗಳಿಂದ ಗುರುತಿಸುತ್ತಾರೆ. ಆ ಒಂಬತ್ತು ಚೀಟಿಗಳ ಅರ್ಥವನ್ನು ಕನ್ನಡದಲ್ಲಿ, ಕೂಲಿಗಾಗಿ ದೂರದಿಂದ ಬಂದವರಿಗಾಗಿ ಹಿಂದಿಯಲ್ಲಿಯೂ ಒಡಿಯಾದಲ್ಲಿಯೂ, ದಪ್ಪ ಅಕ್ಷರಗಳಲ್ಲಿ ಅಚ್ಚುಮಾಡಿಸಿ ಪೀಣ್ಯದ ಪ್ರತಿಯೊಂದು ಅಂಗಳದಲ್ಲಿಯೂ ತೂಗುಹಾಕಬೇಕು. ಇಂಗ್ಲಿಷಿನ ಕಾಗದಕ್ಕೆ ರುಜು ಹಾಕುವವನು ಒಬ್ಬನಾದರೆ, ಪೀಪಾಯಿಗಳನ್ನು ಎತ್ತಿ ಒಳಗಿಡುವವರು ಹತ್ತು ಮಂದಿ.