ಶಾಲೆಯ ಸಮಾಚಾರವು ಮನೆಗೆ ಮುಟ್ಟಬೇಕು

ಮಗುವನ್ನು ಶಾಲೆಗೆ ಸೇರಿಸಿದೊಡನೆ ತಮ್ಮ ಹೊಣೆಯು ತೀರಿತೆಂದು ಭಾವಿಸುವ ತಾಯಿತಂದೆಗಳು ನಮ್ಮಲ್ಲಿ ಬಹುಮಂದಿ ಇರುವರು. ಪಾಠವನ್ನು ಹೇಳಿ ಪರೀಕ್ಷೆಗೆ ಕಳುಹಿಸಿದೊಡನೆ ತಮ್ಮ ಹೊಣೆಯು ತೀರಿತೆಂದು ಭಾವಿಸುವ ಉಪಾಧ್ಯಾಯರೂ ಇಲ್ಲದಿಲ್ಲ. ಈ ಎರಡು ಭಾವನೆಗಳ ನಡುವೆ ಸಿಕ್ಕಿಕೊಂಡಿರುವುದು ಮಗು. ದಿನಕ್ಕೆ ಆರೇಳು ಗಂಟೆಗಳ ಕಾಲ ಅದು ಏನನ್ನು ಕಲಿಯಿತು, ಯಾರಿಗೆ ಅಂಜಿತು, ಹೊಟ್ಟೆತುಂಬ ಉಂಡಿತೇ ಇಲ್ಲವೇ, ತಿಂಗಳಲ್ಲಿ ಎಷ್ಟು ದಿನ ಗೈರುಹಾಜರಾಯಿತು ಎಂಬ ಸಂಗತಿಗಳು ಮನೆಯವರಿಗೆ ತಿಳಿಯುವುದು ಯಾವಾಗ? ಅನೇಕ ಮನೆಗಳಲ್ಲಿ ಎಸ್.ಎಸ್.ಎಲ್.ಸಿ. ಫಲಿತಾಂಶವು ಪ್ರಕಟವಾದ ದಿನ. ಅಷ್ಟು ಹೊತ್ತಿಗೆ ತಿಳಿದು ಪ್ರಯೋಜನವೇನು?

ಈ ವಿಷಯದಲ್ಲಿ ಕಾನೂನು ಮೌನವಾಗಿಲ್ಲವೆಂಬುದನ್ನು ಮೊದಲು ಹೇಳಬೇಕು. 2009ರಲ್ಲಿ ಅಂಗೀಕೃತವಾಗಿ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದ ಮಕ್ಕಳ ಶಿಕ್ಷಣಹಕ್ಕಿನ ಶಾಸನದ 24ನೆಯ ಕಲಮು ಉಪಾಧ್ಯಾಯರ ಕರ್ತವ್ಯಗಳನ್ನು ಎಣಿಸುತ್ತದೆ. ತಾಯಿತಂದೆಗಳ ಮತ್ತು ಪೋಷಕರ ಸಭೆಗಳನ್ನು ಕ್ರಮವಾಗಿ ನಡೆಸಿ, ಮಗುವಿನ ಹಾಜರಿ, ಕಲಿಯುವ ಶಕ್ತಿ, ಕಲಿಕೆಯ ಪ್ರಗತಿ, ಇನ್ನಿತರ ಪ್ರಸಕ್ತ ಸಂಗತಿಗಳು ಇವುಗಳನ್ನು ಅವರಿಗೆ ತಿಳಿಸತಕ್ಕದ್ದೆಂಬುದು ಅವುಗಳಲ್ಲೊಂದು. ಪಾಠ ಹೇಳುವುದು ಹೇಗೋ ಹಾಗೆಯೇ ಇದೂ ಕರ್ತವ್ಯ. ಉಪಾಧ್ಯಾಯರು ದಾಕ್ಷಿಣ್ಯಕ್ಕೆ ಮಾಡುವ ಉಪಕಾರವಲ್ಲ. ಶಾಸನವು 6ರಿಂದ 14 ವರ್ಷದವರೆಗಿನ ಮಕ್ಕಳಿಗೆ ಸಂಬಂಧಿಸಿದುದೆಂಬುದು ನಿಜ. ಆದರೆ ಹುಡುಗರು ದಾರಿ ತಪ್ಪುವುದೂ, ಹುಡುಗಿಯರು ಶಾಲೆಯನ್ನು ಬಿಡುವುದೂ, ಮನಸ್ಸು ಕುಗ್ಗುವುದೂ ಬಹುಮಟ್ಟಿಗೆ ಆ ವಯಸ್ಸಿನ ನಂತರವೇ. ಆದುದರಿಂದ ಹೈಸ್ಕೂಲಿನಲ್ಲಿ ಈ ಕರ್ತವ್ಯವು ಸಡಿಲವಾಗದೆ ಇಮ್ಮಡಿಯಾಗಬೇಕು.

ನಮ್ಮ ರಾಜ್ಯದಲ್ಲಿ 2001ರಿಂದ ಸರ್ಕಾರಿ ಶಾಲೆಗಳಿಗೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗಳು ಏರ್ಪಟ್ಟಿವೆ. ಕೇಂದ್ರ ಶಾಸನದ ಪ್ರಕಾರ ಇಂಥ ಸಮಿತಿಯ ಸದಸ್ಯರಲ್ಲಿ ಮುಕ್ಕಾಲು ಪಾಲಿನವರು ಪೋಷಕರಾಗಿರಬೇಕು. ಅರ್ಧದಷ್ಟು ಮಂದಿ ಸ್ತ್ರೀಯರಾಗಿರಬೇಕು. ಏರ್ಪಾಡು ಬಹಳ ಚೆನ್ನಾಗಿದೆ. ಆದರೆ ಸಮಿತಿಯೆಂದರೆ ಕಟ್ಟಡದ ಬಿಲ್ಲಿಗೆ ರುಜು ಹಾಕುವ ಮಂಡಲಿಯೆಂದು ತಿಳಿದರೆ, ಮಕ್ಕಳ ಯೋಗಕ್ಷೇಮವನ್ನು ಕೇಳುವವರಾರು? ಇನ್ನು ಅನುದಾನವಿಲ್ಲದ ಖಾಸಗಿ ಶಾಲೆಗಳಿಗೆ ಈ ಸಮಿತಿಯ ಕಟ್ಟಳೆಯೇ ಇಲ್ಲ. ಅಲ್ಲಿ ಫೀಜಿನ ನೋಟೀಸು ಮಾತ್ರ ತಪ್ಪದೆ ಮನೆಗೆ ಬರುತ್ತದೆ.

ನಮ್ಮ ತುಮಕೂರು ಸೀಮೆಯ ಸ್ಥಿತಿಯನ್ನು ನೋಡಿರಿ. ಸಿದ್ಧಗಂಗೆಯ ಮಠವು ಸಾವಿರಾರು ಮಕ್ಕಳಿಗೆ ಅನ್ನ ವಿದ್ಯೆ ವಸತಿಗಳನ್ನು ನೀಡಿ ಈ ಊರಿಗೆ ಕೀರ್ತಿಯನ್ನು ತಂದಿದೆ. ಇದಲ್ಲದೆ ನಗರದ ವಿದ್ಯಾರ್ಥಿನಿಲಯಗಳಲ್ಲಿ ದೂರದ ಹಳ್ಳಿಗಳ ಮಕ್ಕಳು ತುಂಬಿರುವರು. ಕುಣಿಗಲಿನ ಕಡೆಯಿಂದ ದುಡಿಮೆಗಾಗಿ ಬೆಂಗಳೂರನ್ನು ಸೇರಿದವರ ಮಕ್ಕಳು ಅಜ್ಜ ಅಜ್ಜಿಯರ ಆಶ್ರಯದಲ್ಲಿ ಓದುವುದುಂಟು. ಗುಬ್ಬಿಯಲ್ಲಿ ಬೆಳಗಿನ ರೈಲನ್ನು ಹಿಡಿದು ಹೊರಟ ತಂದೆಯು ರಾತ್ರಿ ಮನೆಗೆ ಬರುವ ಹೊತ್ತಿಗೆ ಮಗು ಮಲಗಿರುತ್ತದೆ. ಇಂಥವರನ್ನು ಕೆಲಸದ ದಿನ ಹನ್ನೊಂದು ಗಂಟೆಗೆ ಸಭೆಗೆ ಬನ್ನಿರೆಂದು ಕರೆದು, ಬಾರದಿದ್ದಾಗ ಪೋಷಕರಿಗೆ ಶ್ರದ್ಧೆಯಿಲ್ಲವೆಂದು ದೂರುವುದು ನ್ಯಾಯವೇ? ಕೂಲಿಯವನಿಗೆ ಸಭೆಯೆಂದರೆ ಒಂದು ದಿನದ ಕೂಲಿ.

ಉಪಾಧ್ಯಾಯರು ಮನೆಗಳಿಗೆ ಹೋಗುವುದು ಅಸಾಧ್ಯವೆಂದು ಹೇಳುವವರಿಗೆ ಎರಡು ಸಂಗತಿಗಳನ್ನು ಜ್ಞಾಪಿಸುತ್ತೇವೆ. ಕೋವಿಡ್ ಸಾಂಕ್ರಾಮಿಕದಿಂದ ಶಾಲೆಗಳು ಮುಚ್ಚಿದ್ದ 2020ರಲ್ಲಿ ವಿದ್ಯಾಗಮವೆಂಬ ಕಾರ್ಯಕ್ರಮದ ಮೂಲಕ ಉಪಾಧ್ಯಾಯರೇ ಮಕ್ಕಳಿದ್ದಲ್ಲಿಗೆ ನಡೆದರು; ಮರದ ನೆರಳಿನಲ್ಲಿಯೂ ಗುಡಿಯ ಜಗುಲಿಯಲ್ಲಿಯೂ ಪಾಠ ನಡೆಯಿತು. ಸೋಂಕಿನ ಭಯದಿಂದ ಆ ವರ್ಷದ ಅಕ್ಟೋಬರಿನಲ್ಲಿ ಅದು ನಿಂತು, 2021ರ ಜನವರಿಯಲ್ಲಿ ಪುನಃ ಆರಂಭವಾಯಿತು. ಎರಡನೆಯದು, 2025ರ ಸೆಪ್ಟೆಂಬರ್ 22ರಂದು ಆರಂಭವಾದ ಸಾಮಾಜಿಕ ಮತ್ತು ಶೈಕ್ಷಣಿಕ ಸಮೀಕ್ಷೆ. ಅದಕ್ಕಾಗಿ ಉಪಾಧ್ಯಾಯರು ಮನೆಮನೆಯ ಬಾಗಿಲಿಗೆ ಹೋಗಿ 60 ಪ್ರಶ್ನೆಗಳನ್ನು ಕೇಳಿದರು. ದಸರಾ ರಜೆಯನ್ನೇ ಅಕ್ಟೋಬರ್ 18ರವರೆಗೆ ಬೆಳೆಸಲಾಯಿತು. ಸಮೀಕ್ಷೆಯು ಬೇಕೋ ಬೇಡವೋ ಎಂಬ ಚರ್ಚೆ ಇಲ್ಲಿ ನಮಗೆ ಬೇಡ. ಸರ್ಕಾರದ ಲೆಕ್ಕಕ್ಕಾಗಿ ಅಷ್ಟು ಪ್ರಶ್ನೆಗಳನ್ನು ಹೊತ್ತು ಹೊಸ್ತಿಲಿಗೆ ಬರಬಲ್ಲ ಉಪಾಧ್ಯಾಯನು, ಮಗುವಿನ ಲೆಕ್ಕವನ್ನು ಹೇಳಲು ವರ್ಷಕ್ಕೊಮ್ಮೆ ಅದೇ ಹೊಸ್ತಿಲಿಗೆ ಬರಲಾರನೇ? ಬರಬಲ್ಲನು, ಆದರೆ ಬೇರೆ ಇಲಾಖೆಗಳ ಬಿಟ್ಟಿಕೆಲಸವನ್ನು ಅವನ ತಲೆಯಿಂದ ಇಳಿಸಿದರೆ ಮಾತ್ರ. ಭಾರವನ್ನು ಹೊರಿಸುತ್ತಲೇ ಇದ್ದು ಓಟವನ್ನು ನಿರೀಕ್ಷಿಸುವುದು ಧರ್ಮವಲ್ಲ.

ಈಗ ಮೊಬೈಲಿನ ವಾಟ್ಸಾಪ್ ಗುಂಪುಗಳಿವೆಯಲ್ಲಾ ಎನ್ನುವರು. ರಜೆಯ ಸುದ್ದಿಯನ್ನು ತಿಳಿಸಲು ಅವು ಬಹಳ ಅನುಕೂಲ. ಆದರೆ ಅಕ್ಷರ ಬಾರದ ತಾಯಿಗೆ ಅವು ಎಷ್ಟರಮಟ್ಟಿಗೆ ಸಹಾಯಕ? ಮನೆಗೊಂದೇ ಮೊಬೈಲಿದ್ದು ಅದು ಮಗನ ಕೈಯಲ್ಲಿಯೇ ಇದ್ದರೆ, ಮಗನ ಗೈರುಹಾಜರಿಯ ಸಮಾಚಾರವನ್ನು ಓದುವವನೂ ಅವನೇ, ಅಳಿಸುವವನೂ ಅವನೇ! ಮೇಲಾಗಿ ಒಂದು ಮಗುವಿನ ಅಂಕಗಳನ್ನೋ ತಪ್ಪನ್ನೋ ನೂರು ಮನೆಗಳ ಮುಂದೆ ಹರಡುವುದು ಸಮಾಚಾರವಲ್ಲ, ಅವಮಾನ.

ಮನೆಗೆ ಸುದ್ದಿ ಮುಟ್ಟಿದರೆ ಮಗುವಿಗೆ ಏಟು ಬೀಳುವುದೆಂಬ ಆಕ್ಷೇಪಣೆಯಲ್ಲಿ ಸತ್ಯಾಂಶವಿದೆ. ಹಿಂದಿನ ಕೂಲಿಮಠದ ಅಯ್ಯಗಳು ಮನೆಮನೆಯ ಸ್ಥಿತಿಯನ್ನು ಬಲ್ಲವರಾಗಿದ್ದರು; ಆದರೆ ಅಲ್ಲಿ ಕೋದಂಡದ ಶಿಕ್ಷೆಯೂ ಇತ್ತು. ಆ ಪರಿಚಯವು ನಮಗೆ ಬೇಕು, ಆ ಕೋದಂಡವು ಬೇಡ. ಶಾಲೆಯಲ್ಲಿ ಹೊಡೆಯುವುದನ್ನೂ ಮನಸ್ಸನ್ನು ನೋಯಿಸುವುದನ್ನೂ ಮೇಲೆ ಹೇಳಿದ ಶಾಸನದ 17ನೆಯ ಕಲಮು ನಿಷೇಧಿಸಿದೆ. ಮನೆಯವರಿಗೂ ಆ ವಿವೇಕವನ್ನು ಹೇಳುವುದು ಉಪಾಧ್ಯಾಯರ ಕೆಲಸವೇ ಸರಿ. ಮೊದಲು ಮಗುವಿನ ಒಂದು ಗುಣವನ್ನು ಹೇಳಿ, ಆಮೇಲೆ ಕೊರತೆಯನ್ನು ಹೇಳಿ, ಕೊನೆಗೆ ಪರಿಹಾರವನ್ನು ಇಬ್ಬರೂ ಕೂಡಿ ಯೋಚಿಸುವುದಾದರೆ ಏಟಿನ ಮಾತು ಬಾರದು.

ಎಲ್ಲಕ್ಕಿಂತ ಗುರುತರವಾದ ವಿಷಯವೊಂದಿದೆ. ಮಗುವಿನ ಮೇಲೆ ಲೈಂಗಿಕ ದೌರ್ಜನ್ಯ ನಡೆದುದು ತಿಳಿದರೆ ಪೊಲೀಸರಿಗೆ ತಿಳಿಸಲೇಬೇಕೆಂದು 2012ರ ಪೋಕ್ಸೋ ಶಾಸನವು ವಿಧಿಸಿದೆ, ಮುಚ್ಚಿಡುವುದು ಅಪರಾಧ. ಶಾಲೆಯ ಮರ್ಯಾದೆ ಹೋಗುವುದೆಂದು ಮುಚ್ಚಿಟ್ಟರೆ ಹೋಗುವುದು ಮಗುವಿನ ಬಾಳು. ಮಕ್ಕಳ ಸಹಾಯವಾಣಿ 1098, ಮನಸ್ಸಿನ ಸಂಕಟಕ್ಕೆ 2022ರಲ್ಲಿ ಏರ್ಪಟ್ಟ ಟೆಲಿ-ಮಾನಸ್ 14416, ಈ ಎರಡು ಸಂಖ್ಯೆಗಳು ಪ್ರತಿ ಶಾಲೆಯ ಗೋಡೆಯ ಮೇಲೂ ಪ್ರತಿ ಮಗುವಿನ ಪುಸ್ತಕದಲ್ಲಿಯೂ ಇರಬೇಕು. ಪರೀಕ್ಷೆಯಲ್ಲಿ ಸೋತ ಮಗುವಿಗೆ ಅದೇ ವರ್ಷ ಪುನಃ ಕುಳಿತುಕೊಳ್ಳುವ ಅವಕಾಶವಿದೆಯೆಂಬುದನ್ನು ಫಲಿತಾಂಶಕ್ಕೆ ಮೊದಲೇ ಮನೆಯವರಿಗೆ ಹೇಳಿದರೆ, ಆ ದಿನದ ಕತ್ತಲೆಯಲ್ಲಿ ಎಷ್ಟೋ ಮಕ್ಕಳಿಗೆ ಬೆಳಕು ಕಂಡೀತು.

ಆದುದರಿಂದ ತುಮಕೂರು, ಗುಬ್ಬಿ, ಕುಣಿಗಲುಗಳ ಕ್ಷೇತ್ರ ಶಿಕ್ಷಣಾಧಿಕಾರಿಗಳಲ್ಲಿ ನಮ್ಮ ಬಿನ್ನಹವಿಷ್ಟು. ತಿಂಗಳಿಗೊಮ್ಮೆ ಭಾನುವಾರವೋ ಸಂಜೆಯ ಹೊತ್ತಿನಲ್ಲೋ ಪೋಷಕರ ಸಭೆ ಸೇರಲಿ. ಪ್ರತಿಯೊಬ್ಬರೊಡನೆಯೂ ಪ್ರತ್ಯೇಕವಾಗಿ ಐದು ನಿಮಿಷ ಮಾತಾಡಲಿ. ಸಭೆಗೆ ದುಡಿದವರಿಗೆ ಬದಲಿ ರಜೆ ದೊರೆಯಲಿ. ಮಗುವು ಮೂರು ದಿನ ಬಾರದಿದ್ದರೆ ಮೂರನೆಯ ದಿನವೇ ಮನೆಗೆ ವಿಚಾರಣೆ ಹೋಗಲಿ. ವಿದ್ಯಾರ್ಥಿನಿಲಯದ ಮೇಲ್ವಿಚಾರಕರು ವಾರಕ್ಕೊಮ್ಮೆ ಮಗುವಿನಿಂದಲೇ ತಾಯಿಗೆ ಮಾತಾಡಿಸಲಿ. ಪೋಷಕರೂ ಕರೆ ಬರಲೆಂದು ಕಾಯದೆ ಶಾಲೆಯ ಬಾಗಿಲನ್ನು ತಾವಾಗಿ ತಟ್ಟಲಿ. ಕೇಳಲು ಬಂದ ತಾಯಿಯನ್ನು ನಿಲ್ಲಿಸಿ ಮಾತಾಡಿಸದೆ, ಕುರ್ಚಿ ಕೊಟ್ಟು ಕೂರಿಸಿ ಉತ್ತರ ಹೇಳುವ ಶಾಲೆಯೇ ನಿಜವಾಗಿ ಪ್ರಜೆಗಳ ಶಾಲೆ. ಇದಕ್ಕೆ ಬೇಕಾದುದು ಹೊಸ ಅನುದಾನವಲ್ಲ, ಮನಸ್ಸು. ಬರುವ ತಿಂಗಳಿನಿಂದಲೇ ಆರಂಭಿಸಬಹುದು.