ಹಾಸಿಗೆಯ ಹೊಟ್ಟೆಯೊಳಗೆ ಏನಿದೆ?

ಹಾಸಿಗೆ ಇದ್ದಷ್ಟು ಕಾಲು ಚಾಚು ಅಂತ ಗಾದೆ ಮಾಡಿದವರು ಹಾಸಿಗೆಯ ಉದ್ದದ ಬಗ್ಗೆ ಯೋಚಿಸಿದ್ದಾರೆಯೇ ಹೊರತು ಅದರ ನಡುವೆ ಬೀಳುವ ಗುಂಡಿಯ ಬಗ್ಗೆ ಯೋಚಿಸಿದಂತಿಲ್ಲ. ಮೊನ್ನೆ ಭಾನುವಾರ ನಮ್ಮ ಮನೆಯ ಒಂದು ಹಾಸಿಗೆಯ ಪೋಸ್ಟ್‌ಮಾರ್ಟಂ ಮಾಡಿದೆ. ಅದರ ವರದಿ ಇದು...

ಅಮ್ಮ ತಿಪಟೂರಿನ ಕಡೆಯ ಹಳ್ಳಿಯಿಂದ ಬೆಂಗಳೂರಿಗೆ ಬಂದು ನಮ್ಮ ಜೊತೆ ಇರಲು ಶುರುಮಾಡಿ ಮೂರು ವರ್ಷವಾಯಿತು. ಬರುವಾಗ ಕೊಬ್ಬರಿ, ಹುಣಸೆಹಣ್ಣಿನ ಜೊತೆ ಸೊಂಟನೋವನ್ನೂ ತಂದಿದ್ದಳು. "ಗಟ್ಟಿ ಹಾಸಿಗೆ ಮೇಲೆ ಮಲಗಿಸಿ, ಎಲ್ಲ ಸರಿಹೋಗತ್ತೆ" ಅಂತ ಬಂದವರದ್ದೆಲ್ಲ ಒಂದೇ ಸಲಹೆ. ಸರಿ, ಅಂಗಡಿಗೆ ಹೋದೆ. "ಸಾರ್, ಇದು ಆರ್ಥೋಪೆಡಿಕ್. ಹತ್ತು ವರ್ಷ ವಾರಂಟಿ. ಕಣ್ಮುಚ್ಚಿ ತಗೊಳ್ಳಿ" ಅಂದ ಅಂಗಡಿಯವನು. ನಾನೂ ಕಣ್ಮುಚ್ಚಿಯೇ ತಗೊಂಡೆ. ಆರು ಅಡಿ ಉದ್ದ, ಮೂರು ಅಡಿ ಅಗಲದ್ದು, 11 ಸಾವಿರ ರೂಪಾಯಿ.

ಎರಡು ವರ್ಷಕ್ಕೆ ಸೊಂಟ ಬೀಳುವ ಜಾಗದಲ್ಲಿ ತಗ್ಗು. "ದನ ಮಲಗಿ ಎದ್ದ ಜಾಗದ ಥರ ಆಗಿದೆ ಕಣೋ" ಅಂದಳು ಅಮ್ಮ. ವಾರಂಟಿಗೆ ಫೋನ್ ಮಾಡಿದ್ದಕ್ಕೆ ಒಬ್ಬ ಹುಡುಗ ಬಂದ. ಹಾಸಿಗೆಯ ಮೇಲೆ ಅಡ್ಡ ಒಂದು ಪಟ್ಟಿ ಇಟ್ಟು ಕೆಳಗಿನ ಸಂದು ಅಳೆದ. "ಮುಕ್ಕಾಲು ಇಂಚು ಇದೆ ಸಾರ್. ಒಂದು ಇಂಚು ಆದ್ರೆ ಮಾತ್ರ ಕ್ಲೇಮ್ ಬರತ್ತೆ" ಅಂದ. ಅಮ್ಮ ಬಾಗಿಲಲ್ಲಿ ನಿಂತು ನೋಡುತ್ತಿದ್ದವಳು, "ಖಾಲಿ ಹಾಸಿಗೆ ಯಾಕಪ್ಪಾ ಅಳೀತೀಯಾ? ನಾನು ಮಲಗ್ತೀನಿ, ಆಮೇಲೆ ಅಳಿ" ಅಂದಳು. ಹುಡುಗ ನಕ್ಕ, ನಾನೂ ನಕ್ಕೆ. ಆದರೆ ಅಮ್ಮ ನಗಲಿಲ್ಲ. ಅವಳಿಗೆ ನೋವಿತ್ತು.

ಇನ್ನೊಂದು ವರ್ಷ ಕಂಬಳಿ ಮಡಿಸಿ ತಗ್ಗಿಗೆ ಹಾಕಿ ತಳ್ಳಿದೆವು. ಮೊನ್ನೆ ತಡೆಯಲಾಗದೆ ಬ್ಲೇಡ್ ಹಿಡಿದು ಕೂತೆ. ಒಳಗೆ ಏನಿತ್ತು ಗೊತ್ತಾ? ಮೇಲೆ ಒಂದು ಇಂಚು ಮೆತ್ತನೆ ಫೋಮ್. ಕೆಳಗೆ ಬಣ್ಣಬಣ್ಣದ ಚೂರುಗಳನ್ನು ಒತ್ತಿ ಅಂಟಿಸಿದ, ಟೂಟಿಫ್ರೂಟಿ ಕೇಕಿನಂಥ ಗಟ್ಟಿ ದಿಂಡು. ಇದಕ್ಕೆ ರೀಬಾಂಡೆಡ್ ಫೋಮ್ ಅಂತಾರೆ. ಫ್ಯಾಕ್ಟರಿಯಲ್ಲಿ ಕತ್ತರಿಸಿ ಉಳಿದ ಚೂರುಗಳಿಂದ ಮಾಡುವುದು. ಮೋಸವೇನಲ್ಲ, ಬುಡಕ್ಕೆ ಒಳ್ಳೆಯದೇ. ನನಗೆ ಆಶ್ಚರ್ಯ ಆಗಿದ್ದು ಬೇರೆ ವಿಷಯಕ್ಕೆ. ಆ ದಿಂಡಿಗೆ ಏನೂ ಆಗಿರಲಿಲ್ಲ! ಹೊಸದರ ಹಾಗೇ ಇತ್ತು. ಸತ್ತಿದ್ದು ಮೇಲಿನ ಒಂದು ಇಂಚು ಮಾತ್ರ. ಅದು ಅಪ್ಪಚ್ಚಿಯಾಗಿ ಹಪ್ಪಳದಂತಾಗಿತ್ತು. ಆದರೆ ಎರಡನ್ನೂ ಅಂಟಿಸಿ, ಮೇಲೆ ಬಟ್ಟೆ ಸುತ್ತಿ, ಸುತ್ತಲೂ ಟೇಪ್ ಹೊಡೆದು ಹೊಲಿದಿದ್ದರಿಂದ ಆ ಒಂದು ಇಂಚಿಗೋಸ್ಕರ ಇಡೀ ಹಾಸಿಗೆ ಎಸೆಯಬೇಕು.

ಆಗ ನೆನಪಾಗಿದ್ದು ನಮ್ಮೂರಿನ ಹತ್ತಿ ಹಾಸಿಗೆ. ಬೇಸಿಗೆಯಲ್ಲಿ ಹತ್ತಿ ಹಿಂಜುವವರು ದೊಡ್ಡ ಬಿಲ್ಲು ಹೆಗಲಿಗೇರಿಸಿಕೊಂಡು ಬರುತ್ತಿದ್ದರು. ಅಂಗಳದಲ್ಲಿ ಹಾಸಿಗೆಯ ಹೊಲಿಗೆ ಬಿಚ್ಚಿ, ಗಂಟುಗಂಟಾದ ಹತ್ತಿಯನ್ನು ಗುಡ್ಡೆ ಹಾಕಿ, ಬಿಲ್ಲಿನ ಹೆದೆಗೆ ಟಂಯ್ ಟಂಯ್ ಅಂತ ಬಾರಿಸುತ್ತಿದ್ದರೆ ಹತ್ತಿ ಮೋಡದ ಹಾಗೆ ಹಾರುತ್ತಿತ್ತು. ಮೂಗು, ಹುಬ್ಬು ಎಲ್ಲಾ ಬೆಳ್ಳಗೆ! ಸಂಜೆಯ ಹೊತ್ತಿಗೆ ಅದೇ ಹತ್ತಿ, ಹೊಸ ಪಟ್ಟೆ ಬಟ್ಟೆಯೊಳಗೆ ಸೇರಿ, ದಬ್ಬಣದ ಹೊಲಿಗೆ ಹಾಕಿಸಿಕೊಂಡು ಹೊಸ ಹಾಸಿಗೆಯಾಗಿರುತ್ತಿತ್ತು. ಅಮ್ಮನ ಮದುವೆಯಲ್ಲಿ ಬಂದ ಹಾಸಿಗೆ ಹೀಗೇ ನಾಲ್ಕು ಜನ್ಮ ಎತ್ತಿತು.

ಹಳೆಯದೇ ಚೆನ್ನ ಅಂತ ಹಾಡು ಹೇಳಲು ನಾನಿಲ್ಲಿ ಕೂತಿಲ್ಲ. ಹತ್ತಿಗೆ ಪುಟಿಯುವ ಗುಣ ಕಡಿಮೆ, ಒತ್ತಿದರೆ ಒತ್ತಿದಲ್ಲೇ ಕೂರುತ್ತದೆ. ಬೆವರು, ತೇವ ಕುಡಿಯುತ್ತದೆ. ಮಳೆಗಾಲದಲ್ಲಿ ಮುಗ್ಗುಲು ವಾಸನೆ. ಬಿಸಿಲಿಗೆ ಹಾಕೋಣ ಅಂದರೆ ಎತ್ತುವಷ್ಟರಲ್ಲಿ ಇದ್ದ ಸೊಂಟವೂ ಹೋಗುತ್ತದೆ :) ಅಮ್ಮನೇ ಈಗ ಅದರ ಮೇಲೆ ಮಲಗಲಾರಳು. ಆದರೆ ಅದರ ಒಂದು ಗುಣವನ್ನು ನಾವು ಕಳೆದುಕೊಂಡಿದ್ದೇವೆ. ಅದನ್ನು ಬಿಚ್ಚಬಹುದಿತ್ತು. ನನ್ನ ಅಭಿಪ್ರಾಯ ಇಷ್ಟೇ: ಬಿಚ್ಚಿ ರಿಪೇರಿ ಮಾಡಬಹುದಾದ ಹಾಸಿಗೆಯೇ ಬಾಳಿಕೆಯ ಹಾಸಿಗೆ. ಒಳಗಿರುವ ವಸ್ತುವಿನ ಪ್ರಶ್ನೆ ಆಮೇಲಿನದು.

ಹಾಗಂತ ವಸ್ತು ಮುಖ್ಯವಲ್ಲ ಅಂತಲ್ಲ. ನಮ್ಮ ಕಡೆ ರಾಶಿ ಬಿದ್ದಿರುತ್ತಲ್ಲ ತೆಂಗಿನ ಸಿಪ್ಪೆ, ಅಂಥ ಸಿಪ್ಪೆಯ ನಾರನ್ನು ಸುರುಳಿ ಮಾಡಿ, ರಬ್ಬರ್ ಹಾಲು ಸಿಂಪಡಿಸಿ, ಬಿಸಿಯಲ್ಲಿ ಒತ್ತಿದರೆ ಕಾಯರ್ ಹಾಸಿಗೆ. ಗಾಳಿ ಆಡುತ್ತದೆ, ಸೆಕೆಗೆ ಹಿತ, ಗಟ್ಟಿಯಾಗಿಯೂ ಇರುತ್ತದೆ. ವರ್ಷಗಳು ಕಳೆದಂತೆ ನಾರು ಮುರಿದು ಪುಡಿಯಾಗುತ್ತದೆ, ನಡುವೆ ಕೂರುತ್ತದೆ. ಕೂತಮೇಲೆ ಏಳುವುದಿಲ್ಲ. ಸ್ಪ್ರಿಂಗಿನಲ್ಲಿ ಎರಡು ಜಾತಿ. ಬಾನೆಲ್‌ನಲ್ಲಿ ಸ್ಪ್ರಿಂಗುಗಳನ್ನೆಲ್ಲ ಒಂದಕ್ಕೊಂದು ತಂತಿಯಿಂದ ಕಟ್ಟಿರುತ್ತಾರೆ, ಹಾಗಾಗಿ ಒಬ್ಬರು ಮಗ್ಗುಲಾದರೆ ಪಕ್ಕದವರಿಗೆ ಭೂಕಂಪ. ಪಾಕೆಟ್ ಸ್ಪ್ರಿಂಗಿನಲ್ಲಿ ಪ್ರತಿಯೊಂದಕ್ಕೂ ಬೇರೆ ಬಟ್ಟೆ ಚೀಲ, ಒಂದರ ಗೊಡವೆ ಇನ್ನೊಂದಕ್ಕಿಲ್ಲ. ಎರಡರಲ್ಲೂ ಸಾಮಾನ್ಯವಾಗಿ ಉಕ್ಕಿಗಿಂತ ಮೊದಲು ಸೋಲುವುದು ಮೇಲಿನ ಫೋಮ್.

ಮೆಮೊರಿ ಫೋಮ್ 1966ರಲ್ಲಿ ನಾಸಾಕ್ಕಾಗಿ, ವಿಮಾನದ ಸೀಟಿನ ಮೆತ್ತೆಗೆಂದು ತಯಾರಾದದ್ದು. ಮೈಶಾಖಕ್ಕೆ ಮೆತ್ತಗಾಗಿ ಮೈಯ ಆಕಾರಕ್ಕೇ ಇಳಿಯುತ್ತದೆ. ಭುಜ, ಸೊಂಟದ ಮೇಲಿನ ಒತ್ತಡ ಕಡಿಮೆಯಾಗುತ್ತದೆ, ಆದರೆ ಶಾಖ ಅಲ್ಲೇ ಉಳಿಯುತ್ತದೆ. ರಾಯಚೂರು, ಕಲಬುರಗಿಯ ಬೇಸಿಗೆಯಲ್ಲಿ ಇದರ ಮೇಲೆ ಮಲಗುವವರ ಧೈರ್ಯಕ್ಕೆ ನಮಸ್ಕಾರ. ಇನ್ನು ಲ್ಯಾಟೆಕ್ಸ್, ಅಂದರೆ ರಬ್ಬರ್ ಹಾಲನ್ನು ನೊರೆ ಬರಿಸಿ ಅಚ್ಚು ಹಾಕಿದ್ದು. ಚೆನ್ನಾಗಿ ಪುಟಿಯುತ್ತದೆ, ಬೇಗ ಕೂರುವುದಿಲ್ಲ. ತೂಕ ಜಾಸ್ತಿ, ಬೆಲೆಯೂ ಜಾಸ್ತಿ. ಬಿಸಿಲು ಮಾತ್ರ ಆಗಿಬರುವುದಿಲ್ಲ.

ಸಾಮಾನ್ಯ ಪಿಯು ಫೋಮ್ ಕೊಳ್ಳುವವರು ಕೇಳಬೇಕಾದ್ದು ಡೆನ್ಸಿಟಿ. 32 ಡೆನ್ಸಿಟಿ ಅಂದರೆ ಒಂದು ಘನ ಮೀಟರ್ ಫೋಮ್ 32 ಕೆ.ಜಿ. ತೂಗುತ್ತದೆ ಅಂತ ಅರ್ಥ. ಇದು ಗಟ್ಟಿತನದ ಲೆಕ್ಕವಲ್ಲ, ಒಳಗೆ ಎಷ್ಟು ಮಾಲು ಇದೆ ಅನ್ನುವ ಲೆಕ್ಕ. ಮಾಲು ಹೆಚ್ಚಿದ್ದಷ್ಟೂ ಬಾಳಿಕೆ ಹೆಚ್ಚು. ಇದನ್ನು ತೂಕದಿಂದಲೇ ಪರೀಕ್ಷೆ ಮಾಡಬಹುದು. ಆರು ಅಡಿ, ಮೂರು ಅಡಿ, ಆರು ಇಂಚಿನ ಹಾಸಿಗೆ ಸುಮಾರು ಕಾಲು ಘನ ಮೀಟರ್. ಪೂರ್ತಿ 40 ಡೆನ್ಸಿಟಿ ಫೋಮ್ ಆಗಿದ್ದರೆ ಬಟ್ಟೆ ಬಿಟ್ಟು 10 ಕೆ.ಜಿ. ಇರಬೇಕು. ಏಳೇ ಕೆ.ಜಿ. ಇದ್ದರೆ 40 ಅನ್ನುವುದು ಮೇಲಿನ ಪದರಕ್ಕೆ ಮಾತ್ರ, ಅಥವಾ ಚೀಟಿಗೆ ಮಾತ್ರ! ಆದರೆ ಒಂದು ಜಾತಿಯ ಡೆನ್ಸಿಟಿಯನ್ನು ಇನ್ನೊಂದಕ್ಕೆ ಹೋಲಿಸಬೇಡಿ. ರೀಬಾಂಡೆಡ್ 80, 100 ಇರುತ್ತದೆ. ಚೂರುಗಳನ್ನು ಒತ್ತಿ ತುಂಬಿದ್ದರಿಂದ ಹಾಗೆ, ಮೂರು ಪಟ್ಟು ಬಾಳುತ್ತದೆ ಅಂತಲ್ಲ.

ಇನ್ನು ಆ "ಗಟ್ಟಿ ಹಾಸಿಗೆ" ಸಲಹೆ. 2003ರಲ್ಲಿ ಲ್ಯಾನ್ಸೆಟ್ ಪತ್ರಿಕೆಯಲ್ಲಿ ಸ್ಪೇನಿನ ಒಂದು ಅಧ್ಯಯನ ಬಂದಿತ್ತು. ಬಹುಕಾಲದಿಂದ ಬೆನ್ನಿನ ಕೆಳಭಾಗದಲ್ಲಿ ನೋವಿದ್ದ 313 ಜನರಲ್ಲಿ ಕೆಲವರಿಗೆ ಗಟ್ಟಿ, ಕೆಲವರಿಗೆ ಮಧ್ಯಮ ಗಟ್ಟಿ ಹಾಸಿಗೆ ಕೊಟ್ಟು 90 ದಿನ ನೋಡಿದರು. ನೋವು ಹೆಚ್ಚು ಕಡಿಮೆಯಾಗಿದ್ದು ಮಧ್ಯಮ ಗಟ್ಟಿಯವರಿಗೆ. ಅಂದರೆ ನಾನು ಅಮ್ಮನಿಗೆ ಹಲಗೆ ಹುಡುಕಿದ್ದೇ ತಪ್ಪು. "ಆರ್ಥೋಪೆಡಿಕ್" ಅನ್ನುವ ಪದ ಒಳಗೇನಿದೆ ಅಂತ ಹೇಳುವುದಿಲ್ಲ, ಕೇಳದೇ ಇದ್ದದ್ದೂ ನನ್ನದೇ ತಪ್ಪು.

ಕೊನೆಗೆ ಏನು ಮಾಡಿದೆವು? ಸತ್ತ ಒಂದು ಇಂಚನ್ನು ಕಿತ್ತೆಸೆದೆ. ದಿಂಡು ಉಳಿಸಿಕೊಂಡೆ. ಫೋಮ್ ಕತ್ತರಿಸಿ ಮಾರುವ ಅಂಗಡಿಯಿಂದ ಎರಡು ಇಂಚಿನ ಲ್ಯಾಟೆಕ್ಸ್ ಪದರ ತಂದು, ಅಂಟಿಸದೆ ಮೇಲೆ ಇಟ್ಟೆ. ಸೋಫಾ ರಿಪೇರಿ ಮಾಡುವವರ ಹತ್ತಿರ ಮೂರು ಕಡೆ ಜಿಪ್ ಇರುವ ಹೊದಿಕೆ ಹೊಲಿಸಿದೆ. ಎಲ್ಲಾ ಸೇರಿ ಹಳೆಯ ಹಾಸಿಗೆಯ ಬೆಲೆಯ ಅರ್ಧಕ್ಕಿಂತ ಸ್ವಲ್ಪ ಹೆಚ್ಚಾಯಿತು. ನಾಳೆ ಮೇಲಿನದು ಕೂತರೆ ಅದೊಂದನ್ನೇ ಬದಲಾಯಿಸಬಹುದು.

ಅಮ್ಮನ ಸೊಂಟನೋವು ಮಾಯವಾಯಿತು ಅಂತ ಬರೆದರೆ ಸುಳ್ಳಾಗುತ್ತದೆ. ಫಿಸಿಯೋಥೆರಪಿ ನಡೆದೇ ಇದೆ. ಆದರೆ ರಾತ್ರಿ ಎರಡಕ್ಕೆ ಎದ್ದು ಕೂರುತ್ತಿದ್ದವಳು ಈಗ ಐದರವರೆಗೆ ಮಲಗುತ್ತಾಳೆ. ಮೂರನೇ ದಿನ ಬೆಳಿಗ್ಗೆ ನೋಡಿದರೆ ಜಿಪ್ ಬಿಚ್ಚಿ ಲ್ಯಾಟೆಕ್ಸನ್ನು ತಾರಸಿಗೆ ಎಳೆದೊಯ್ಯುತ್ತಿದ್ದಳು. "ಹಾಸಿಗೆ ಅಂದ್ಮೇಲೆ ಬಿಸಿಲು ಕಾಣಬೇಡ್ವೇನೋ?" ಅಂತ ನನಗೇ ದಬಾಯಿಸಿದಳು. ಓಡಿಹೋಗಿ ಕಿತ್ತುಕೊಂಡು ಬಂದೆ. ಈಗ ಹೊದಿಕೆಗೆ ಮಾತ್ರ ಬಿಸಿಲು ಅಂತ ರಾಜಿಯಾಗಿದೆ.

ನಿಮ್ಮ ಮನೆಯ ಹಾಸಿಗೆಯ ಹೊಟ್ಟೆಯೊಳಗೆ ಏನಿದೆ, ಎಷ್ಟು ವರ್ಷ ಬಾಳಿತು? ಗೊತ್ತಿದ್ದರೆ ಬರೆಯಿರಿ. ಮುಂದಿನ ಸಲ ಅಂಗಡಿಗೆ ಹೋದಾಗ "ವಾರಂಟಿ ಎಷ್ಟು ವರ್ಷ" ಅಂತ ಕೇಳುವ ಮೊದಲು "ಇದಕ್ಕೆ ಜಿಪ್ ಇದೆಯಾ, ಒಳಗೆ ಅಂಟಿಸಿದ್ದೀರಾ" ಅಂತ ಒಂದು ಮಾತು ಕೇಳಿ. ಉತ್ತರ ಕೊಡುವವನ ಮುಖ ನೋಡಿದರೆ ಅರ್ಧ ವಿಷಯ ತಿಳಿಯುತ್ತದೆ :)